ಹದಿನೇಳನೇ ಸಾಲಿನ ಕಳ್ಳಮನೆ

ಟಕ್.

ಮೇನಕಾ ಕಣ್ಣು ತೆರೆದಳು. ಫ್ಯಾನ್ ಅಲ್ಲ, ಅದು ಕಿರುಗುಟ್ಟುತ್ತದೆ. ಹಲ್ಲಿಯೂ ಅಲ್ಲ, ಅದು ಲೊಚಗುಟ್ಟಿ ಸುಮ್ಮನಾಗುತ್ತದೆ. ಈ ಸದ್ದು ಒಮ್ಮೆ ಆಗಿ, ಯಾರೋ ಯೋಚಿಸುವಷ್ಟು ಹೊತ್ತು ನಿಂತು, ಮತ್ತೆ ಆಯಿತು. ಟಕ್.

ರಾತ್ರಿ ಹೊತ್ತು ಆ ಮನೆಯಲ್ಲಿ ಆಗಬಹುದಾದ ಸದ್ದುಗಳೆಲ್ಲ ಅವಳಿಗೆ ಬಾಯಿಪಾಠ. ಗಂಡ ಗೋವಿಂದನ್ ರೈಲ್ವೆಯವನು. ವಾರಕ್ಕೆ ಮೂರು ರಾತ್ರಿ ಜೋಲಾರ್‌ಪೇಟೆಯಲ್ಲೇ ಮಲಗುವವನು. ಹಾಗಾಗಿ ಸದ್ದುಗಳನ್ನು ವಿಚಾರಿಸಿಕೊಳ್ಳುವ ಕೆಲಸ ಮದುವೆಯಾಗಿ ಸೇಲಂಗೆ ಬಂದ ಎಂಟು ವರ್ಷದಿಂದ ಅವಳದೇ. ಈ ಟಕ್ ಕೂಡ ಒಂದು ಕಾಲಕ್ಕೆ ಪಟ್ಟಿಯಲ್ಲಿತ್ತು. ಆದರೆ ಎರಡು ವರ್ಷದಿಂದ ಕೇಳಿಸಿರದ ಕಾರಣ ಅದನ್ನು ಹೊಡೆದುಹಾಕಿದ್ದಳು.

ಏಳುವ ಮೊದಲು, ಅಭ್ಯಾಸಬಲದಿಂದ, ತಲೆದಿಂಬಿನ ಪಕ್ಕದ ಶೆಲ್ಫಿಗೆ ಕೈ ಹಾಕಿದಳು. ಕನ್ನಡಕ ಇತ್ತು. ಫೋನ್ ಇತ್ತು. ಒರಿಜಿನಲ್ ಹಾಳೆ ಪುಸ್ತಕದೊಳಗೆ ಇತ್ತು. ಅದರ ಮೇಲೆ ಇಟ್ಟಿದ್ದ ಪೆನ್ಸಿಲ್ ನಕಲು ಇರಲಿಲ್ಲ.

ಆ ಹಾಳೆಯ ವಿಷಯ ಹೇಳಬೇಕು.

ಪ್ರತಿ ಭಾನುವಾರ ಮೂರು ಗಂಟೆಗೆ ಮೇನಕಾ "ಕ್ಲಾಸ್ ಐತೆ ಮಾಮ" ಎಂದು ಮಾವನಿಗೆ ಹೇಳಿ ಹೊರಡುತ್ತಿದ್ದಳು. ಅದು ಕ್ಲಾಸ್ ಅಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಪ್ರಭಾಕರನ ಜೆರಾಕ್ಸ್ ಅಂಗಡಿ ಇದೆ. ಅದರ ಮಹಡಿಯಲ್ಲಿ ನಾಲ್ಕು ಜನ ಚಾಪೆ ಹಾಸಿಕೊಂಡು ಆಡುವ ಆಟ ಅದು. ಒಬ್ಬ ಕತೆ ಹೇಳುತ್ತಾನೆ. ಉಳಿದವರು ಕತೆಯೊಳಗಿನ ಒಬ್ಬೊಬ್ಬರಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಕತೆ ಹೇಳುವವನು ವಿಶ್ವನಾಥನ್, ಅದಿಯಮಾನ್‌ಕೋಟೆಯವನು. ಶಾಲೆಯೊಂದರಲ್ಲಿ ಗಣಿತ ಕಲಿಸುವ ಅವನು ಆಟಕ್ಕಾಗಿ ವಾರವಾರ ಬಸ್ಸು ಹತ್ತಿ ಬರುತ್ತಿದ್ದ. ಪ್ರಭಾಕರನದು ಕಳ್ಳನ ಪಾತ್ರ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಜೀವಿತಾ, ವಜ್ರಿ ಎಂಬ ಕತ್ತಿವೀರಳು. ಮೇನಕಾ, ಅಗ್ನಿಮುಖಿ ಎಂಬ ಮಾಂತ್ರಿಕಳು.

ನಾಳೆ ಅರ್ಧ ಲೀಟರ್ ಸಾಕು ಎಂದು ಹಾಲಿನವನಿಗೆ ಹೇಳುವ ಮೊದಲು ಅದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿನೋಡುವವಳು ಮೇನಕಾ. ಆ ಚಾಪೆಯ ಮೇಲೆ ಮಾತ್ರ "ಸುಟ್ಟಾಕ್ತೀನಿ" ಎಂಬ ಮಾತು ಅವಳ ಬಾಯಿಂದ ಒಂದೇ ಸಲಕ್ಕೆ ಬರುತ್ತಿತ್ತು. ಗೋವಿಂದನ್‌ಗೆ ಇದು ಗೊತ್ತು. "ದಾಯ ಆಡಾದಾ? ಆಡು" ಎಂದು ಬಿಟ್ಟಿದ್ದ. ಆದರೆ ಮೂವತ್ತನಾಲ್ಕು ವಯಸ್ಸಿನ ಎಂ.ಕಾಂ. ಓದಿದ ಸೊಸೆ ವಾರವಾರ ಬೆಂಕಿ ಕಾರಲು ಹೋಗುತ್ತಾಳೆ ಎಂದು ಮಾವನಿಗೆ ಹೇಳುವುದು ಹೇಗೆ? ಕ್ಲಾಸ್ ಎಂದರೆ ಯಾರೂ ಮುಂದೆ ಕೇಳುವುದಿಲ್ಲ.

ನಾಲ್ಕು ವಾರದ ಹಿಂದೆ ಗುಹೆಯೊಂದರಲ್ಲಿ ಒಂದು ಉಡ ಎದುರಾಯಿತು. ಅದು ದಿಟ್ಟಿಸಿದರೆ ಎದುರಿನವರು ಕಲ್ಲಾಗುತ್ತಾರೆ. ಅಗ್ನಿಮುಖಿಯ ಸರದಿ ಬಂದಾಗ ಮೇನಕಾ, "ಒಂದ್ನಿಮಿಷ, ಯೋಚ್ನೆ ಮಾಡ್ತೀನಿ" ಎಂದಳು. ಅವಳು ಯೋಚಿಸಿ ಮುಗಿಸುವಷ್ಟರಲ್ಲಿ ಉಡ ವಜ್ರಿಯನ್ನು ದಿಟ್ಟಿಸಿತ್ತು. ವಜ್ರಿಯ ಗುರುತಿಗೆ ಇಟ್ಟಿದ್ದದ್ದು ಜೀವಿತಾಳ ಮನೆಯ ದಸರಾ ಕೊಲುವಿನ ಒಂದು ಪುಟ್ಟ ಸಿಪಾಯಿ ಗೊಂಬೆ. ವಿಶ್ವನಾಥನ್ ಅದರ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿದ. ಆಮೇಲಿನ ವಾರಗಳಲ್ಲೆಲ್ಲ ಜೀವಿತಾ ಬಂದು ಲೋಟದ ಮುಂದೆ ಕೂತು ಹೋಗುತ್ತಿದ್ದಳು.

"ಕಲ್ಲಿಗೆ ಅಸಿವಾಗ್ತೈತೆ. ಆ ಬೋಂಡಾ ಇತ್ತ ತಳ್ಳಿ" ಎಂದು ಮೊದಲ ವಾರ ನಗಿಸಿದ್ದಳು. ಎರಡನೇ ವಾರ ಫೋನ್ ನೋಡುತ್ತ ಕೂತಿದ್ದಳು. ಮೂರನೇ ವಾರ, ಮೆಟ್ಟಿಲಿಳಿಯುವಾಗ, ಮೇನಕಾಳ ಕೈ ಹಿಡಿದು, "ತಪ್ಪು ತಿಳ್ಕೋಬೇಡಿ ಅಕ್ಕಾ. ಬರೋ ವಾರಾನೂ ನಾನು ಕಲ್ಲೇ ಆದ್ರೆ ಇನ್ ಬರಲ್ಲ. ಪೆನ್ನಾಗರಂನಾಗೆ ನಮ್ಮಕ್ಕ ಅವ್ಳೆ. ಅಲ್ಲಿಗೋದ್ರೆ ಕೋಳಿ ಸಾರಾದ್ರೂ ಸಿಗ್ತೈತೆ" ಎಂದಿದ್ದಳು.

ಪ್ರಭಾಕರನೂ ಹಿಂದಿನಿಂದ ಒಂದು ಮಾತು ಸೇರಿಸಿದ್ದ. "ಮೂರ್ ಜನದಾಗೆ ಆಟ ಓಡಲ್ಲ. ಮೇಲಿನ ರೂಮ್ನ ಟ್ಯೂಷನ್‌ಗೆ ಬಾಡಿಗೆ ಕೇಳ್ತಾವ್ರೆ."

ಹಾಗೆಂದರೆ ಮುಂದಿನ ಭಾನುವಾರ ವಜ್ರಿ ಏಳದಿದ್ದರೆ ಚಾಪೆ ಸುತ್ತಿಡಬೇಕು. ತಪ್ಪು ಯಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕೇ ಮೇನಕಾಳಿಗೆ ಆ ವಾರವೆಲ್ಲ ಊಟ ಸೇರಲಿಲ್ಲ.

ದಾರಿ ಒಂದೇ ಇತ್ತು, ಶಿಲಾಮೋಕ್ಷ ಎಂಬ ಮಂತ್ರ. ಆ ಕತೆಯ ಲೋಕದಲ್ಲಿ ಪೂಜಾರಿಗೆ ದೇವರನ್ನು ಬೇಡಿಕೊಂಡರೆ ಮಂತ್ರ ಒಲಿಯುತ್ತದೆ. ಕೆಲವರಿಗೆ ಹುಟ್ಟುವಾಗಲೇ ರಕ್ತದಲ್ಲಿ ಬಂದಿರುತ್ತದೆ. ಮಾಂತ್ರಿಕರು ಮಾತ್ರ, ಪಾಪ, ಓದಿ ಬರೆದೇ ಸಂಪಾದಿಸಬೇಕು. ಒಂದು ಮೆಟ್ಟಿಲು ಮೇಲೇರಿದಾಗ ಒಂದೆರಡು ತಾವಾಗಿ ಹೊಳೆಯುತ್ತವೆ. ಮಿಕ್ಕದ್ದನ್ನೆಲ್ಲ ಇನ್ನೊಬ್ಬ ಮಾಂತ್ರಿಕನ ಪುಸ್ತಕದಿಂದಲೋ, ಹಾಳುಬಿದ್ದ ಕಡೆ ಸಿಕ್ಕ ಸುರುಳಿಯಿಂದಲೋ ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ಇಳಿಸುವಾಗ ಎಡವಿದರೆ ಸುರುಳಿ ಬೂದಿ. ಬೇರೆ ಕಡೆಯವರು ಇದನ್ನೂ ದಾಳ ಹಾಕಿ ಮುಗಿಸುತ್ತಾರಂತೆ. ವಿಶ್ವನಾಥನ್ ಗಣಿತದ ಮೇಷ್ಟ್ರು, ಅವನ ನಿಯಮವೇ ಬೇರೆ. ಅವನ ಪ್ರತಿ ಮಂತ್ರವೂ ಗ್ರಾಫ್ ಹಾಳೆಯ ಮೇಲೆ ಒಂದು ಚಿತ್ರ. ಇಪ್ಪತ್ನಾಲ್ಕು ಸಾಲು, ಸಾಲಿಗೆ ಇಪ್ಪತ್ನಾಲ್ಕು ಮನೆ, ಕೆಲವು ತುಂಬು, ಕೆಲವು ಖಾಲಿ. ಅದನ್ನು ಎಲ್ಲರೆದುರು, ಪೆನ್ನಿನಲ್ಲಿ, ಒಂದೇ ಸಲಕ್ಕೆ ತನ್ನ ಪುಸ್ತಕದಲ್ಲಿ ಬರೆಯಬೇಕು. ವೈಟ್ನರ್ ಹಚ್ಚುವ ಹಾಗಿಲ್ಲ.

ಶಿಲಾಮೋಕ್ಷದ ಸುರುಳಿ ಸಿಕ್ಕಿದ್ದು ಕಾಳಕಂಠನೆಂಬ ಸತ್ತ ಮಾಂತ್ರಿಕನ ಕೋಣೆಯಲ್ಲಿ. ಅವನು ತನ್ನ ಶಿಷ್ಯರನ್ನೂ ನಂಬಿದವನಲ್ಲ. ಈ ಸುರುಳಿಯನ್ನು ಇಳಿಸಿಕೊಳ್ಳಲು ಹೋದ ಮೂವರು ಶಿಷ್ಯರೂ ಸುಟ್ಟುಹೋದರು ಎಂದು ವಿಶ್ವನಾಥನ್ ಬೋಂಡಾ ತಿನ್ನುತ್ತ ಹೇಳಿದ್ದ. ಆ ಸುರುಳಿಯೆಂದು ಅವನು ಕೊಟ್ಟ ಗ್ರಾಫ್ ಹಾಳೆಯೇ ಒರಿಜಿನಲ್. ಅದನ್ನಿಟ್ಟುಕೊಂಡು ಮೇನಕಾ ವಾರವಿಡೀ ಅಭ್ಯಾಸ ಮಾಡಿದಳು. ಸ್ಕೇಲ್ ಹಿಡಿದು, ಒಂದೊಂದು ಮನೆಯನ್ನೂ ಒರಿಜಿನಲ್ ಹಾಳೆಯೊಂದಿಗೆ ತಾಳೆ ನೋಡಿ, ಹನ್ನೊಂದು ನಕಲು ತೆಗೆದಳು. ಹನ್ನೊಂದನೆಯದರಲ್ಲಿ ಒಂದು ತಪ್ಪೂ ಇರಲಿಲ್ಲ. ಶನಿವಾರ ರಾತ್ರಿ ಅದನ್ನೇ ಶೆಲ್ಫಿನ ಮೇಲೆ ಇಟ್ಟು ಮಲಗಿದ್ದಳು.

ಟಕ್.

ಅವಳು ಒರಿಜಿನಲ್ ಹಾಳೆಯನ್ನೂ ಕೈಯಲ್ಲಿ ಹಿಡಿದು ಹಾಲ್‌ಗೆ ಬಂದಳು. ಪಂಚೆ ನೇಯುವ ಮಗ್ಗದ ಪಕ್ಕ, ಚಿಕ್ಕ ಬಲ್ಬಿನ ಕೆಳಗೆ ಮಾವ ರಾಮಚಂದ್ರಪ್ಪ ಕೂತಿದ್ದರು. ಮುಂದೆ ತೂತುಗಳ ಕಬ್ಬಿಣದ ಫಲಕ. ಅದರೊಳಗೆ ಉದ್ದನೆಯ ರಟ್ಟಿನ ಪಟ್ಟಿ. ಒಂದು ಕೈಯಲ್ಲಿ ಉಕ್ಕಿನ ಕಡ್ಡಿ, ಇನ್ನೊಂದರಲ್ಲಿ ಪುಟ್ಟ ಕೊಡತಿ. ಪಂಚೆಯ ಅಂಚಿಗೆ ಹೊಸ ಚಿತ್ರ ನೇಯಬೇಕಾದರೆ ಮೊದಲು ಅದನ್ನು ಹೀಗೆ ರಟ್ಟಿನಲ್ಲಿ ತೂತು ಮಾಡಿ ಮಗ್ಗದ ಮೇಲಕ್ಕೆ ಏರಿಸಬೇಕು. ಚಿತ್ರದ ಒಂದು ಸಾಲಿಗೆ ಒಂದು ಪಟ್ಟಿ. ಎರಡು ವರ್ಷದ ಹಿಂದೆ, "ಇನ್ನು ನನ್ ತಲೇಲಿ ಒಸ ಅಂಚು ಉಟ್ಟಲ್ಲ" ಎಂದು ಹೇಳಿ ಅವರು ಫಲಕವನ್ನು ಅಟ್ಟಕ್ಕೆ ಹಾಕಿದ್ದರು. ಅಂದಿನಿಂದ ಹಳೆಯ ಅಂಚುಗಳನ್ನೇ ನೇಯುತ್ತಿದ್ದರು.

ಅವರ ಮೊಣಕಾಲಿನ ಮೇಲೆ ಅವಳ ಮಂತ್ರ ಹರಡಿಕೊಂಡಿತ್ತು.

"ಎದ್ಬುಟ್ಯಾ ತಾಯಿ? ಮೆಲ್ಲಗೇ ಕುಟ್ತಿದ್ದೆ."

"ಏನ್ ಮಾಮ ಇದು?"

"ನನ್ ಕೇಳ್ತೀಯಾ? ಬರ್ದಿರಾದು ನೀನು." ಅವರು ಕನ್ನಡಕದ ಮೇಲಿಂದ ನೋಡಿದರು. "ತಲೆನೋವಿನ ಮುಲಾಮು ಉಡುಕ್ತಾ ಬಂದೆ, ಶೆಲ್ಫ್ ಮೇಲೆ ಇದು ಇತ್ತು. ಬಾನ್ವಾರ ಬಾನ್ವಾರ ಕ್ಲಾಸು ಕ್ಲಾಸು ಅಂತ ಓಗ್ತಿದ್ದಲ್ಲ, ನಾನು ಕಂಪ್ಯೂಟರ್ ಅಂದ್ಕೊಂಡಿದ್ದೆ. ಡಿಸೈನ್ ಕ್ಲಾಸಾ? ಒಂದ್ ಮಾತು ಏಳ್ಬಾರ್ದಾ ಕಣ್ಣೂ? ಮಾವ ನಗ್ತಾನೆ ಅಂತ ಮುಚ್ಚಿಟ್ಯಾ?"

ಮೇನಕಾ ಉತ್ತರವನ್ನು ಮನಸ್ಸಿನಲ್ಲಿ ಹೇಳಿನೋಡಿದಳು. ಮಾಮ, ಇದು ಅಂಚಲ್ಲ, ಕಲ್ಲಾದವರನ್ನು ಎಬ್ಬಿಸುವ ಮಂತ್ರ. ಎರಡನೇ ಸಲ ಹೇಳಿನೋಡಿದಾಗ ಇನ್ನೂ ಕೆಟ್ಟದಾಗಿತ್ತು.

"ಊಂ" ಎಂದಳು.

"ಎಂಟ್ ವರ್ಷದಾಗೆ ಒಂದ್ ದಿನಾನೂ ಮಗ್ಗದ್ ಮೇಲೆ ಕೈ ಇಟ್ಟೋಳಲ್ಲ ನೀನು. ಇವತ್ತು ನೋಡಿದ್ರೆ, ಸೂಪರ್ ಡಿಸೈನು." ಅವರು ಹಾಳೆಯನ್ನು ಬಲ್ಬಿಗೆ ಹಿಡಿದರು. "ಒಂದೇ ಒಂದು ಏಳ್ತೀನಿ, ಬೇಜಾರ್ ಮಾಡ್ಕೋಬೇಡ. ಅದಿನೇಳ್ನೇ ಸಾಲು. ಒಂದ್ ಮನೆ ಪಕ್ಕಕ್ಕೆ ಸರ್ದೈತೆ."

ಹನ್ನೊಂದು ನಕಲು, ವಾರದ ನಿದ್ದೆ. ಅಲ್ಲೇ ಕೂತು ಒರಿಜಿನಲ್ ಹಾಳೆ ಬಿಡಿಸಿ ಬೆರಳಿಟ್ಟು ಎಣಿಸಿದಳು. ಆಮೇಲೆ ಉಸಿರು ಬಿಟ್ಟಳು.

"ಇಲ್ಲ ಮಾಮ. ಒರಿಜಿನಲ್‌ನಾಗೂ ಅಂಗೇ ಐತೆ."

"ಅಂಗಾದ್ರೆ ಒರಿಜಿನಲ್ ತಪ್ಪು."

ಈ ಒಂದು ಸಾಧ್ಯತೆ ಅವಳ ತಲೆಗೆ ಹೊಳೆದೇ ಇರಲಿಲ್ಲ. ತಪ್ಪು ಎಂದರೆ ತನ್ನದೇ ಇರಬೇಕು ಎಂದು ಹುಡುಕಿದವಳು ಅವಳು.

ಮಾವ ಹಾಳೆಯನ್ನು ಲಾರಿಯ ಸ್ಟಿಯರಿಂಗ್ ತಿರುಗಿಸುವ ಹಾಗೆ ಕಾಲು ಸುತ್ತು ತಿರುಗಿಸಿದರು. ಇನ್ನೊಂದು ಕಾಲು ಸುತ್ತು. ಮತ್ತೊಂದು. "ನೋಡು. ನಾಕ್ ಕಡೆಯಿಂದ್ಲೂ ಒಂದೇ ತರ ಕಾಣ್ಬೇಕು. ನಾಕು ಕೊಕ್ಕೆ, ಒಂದರ ಬಾಲ ಒಂದ್ ಇಡ್ಕೊಂಡು ಸುತ್ತಾವೆ. ಈ ಕೊಕ್ಕೆ ಮಾತ್ರ ಇಲ್ಲಿ ಮುಗ್ಗರಿಸ್ತೈತೆ. ಯಾರ್ ಕೊಟ್ಟಿದ್ದು ಇದು?"

"ವಿಶ್ವನಾಥನ್ ಅಂತ, ಮೇಷ್ಟ್ರು. ಅದಿಯಮಾನ್‌ಕೋಟೆ."

"ಅಲ್ಲಿ ಮಗ್ಗ ಐತಾ?"

"ಇಲ್ಲ ಅನ್ಸುತ್ತೆ."

"ಮಗ್ಗ ಇಲ್ದೆ ಈ ಬುದ್ಧಿ ಬರಲ್ಲ." ಮಾವ ನಕ್ಕರು. "ಇದು ಕೈತಪ್ಪಲ್ಲಮ್ಮ, ಕಳ್ಳಮನೆ. ನಮ್ಮಪ್ಪ ಪುಟ್ಟಪ್ಪ ಇದ್ರಲ್ಲ, ಯಾರನ್ನೂ ನಂಬ್ತಿರಲಿಲ್ಲ. ಸ್ವಂತ ತಮ್ಮನನ್ನೂ ನಂಬ್ತಿರಲಿಲ್ಲ. ಯಾರಾದ್ರೂ ಡಿಸೈನ್ ಕೇಳಿದ್ರೆ ಇಲ್ಲ ಅನ್ನಕ್ಕಾಗಲ್ಲ, ಸೊಂದಕ್ಕಾರರು, ನೆಂಟ್ರು. ಕೊಡೋ ಮುಂಚೆ ಒಂದೇ ಒಂದ್ ಮನೆ ಸರ್ಸಿ ಕೊಡಾರು. ಕೆಲ್ಸ ಗೊತ್ತಿರೋನು ತಿರುಗ್ಸಿ ನೋಡಿ ಸರಿ ಮಾಡ್ಕೋತಾನೆ. ಮಾಡ್ಕೊಂಡ್ರೆ ಅದು ಅವನ್ದೇ ಡಿಸೈನು, ಅಪ್ಪ ಒಂದ್ ಮಾತು ಆಡ್ತಿರಲಿಲ್ಲ. ಬರೀ ಕಾಪಿ ಮಾಡೋನು ಅಂಗೇ ನೇಯ್ತಾನೆ. ಮೂರು ಒಗೆತಕ್ಕೆ ಅಂಚಿನ ದಾರ ಎದ್ದು ಬೀದಿನಾಗೆ ಮರ್ಯಾದೆ ಓಗ್ತೈತೆ."

"ಸರಿ ಮಾಡಿದ್ರೆ ನಮ್ದಾ?"

"ನಮ್ದೇ. ನೇಕಾರರ ಸೊಸೈಟಿನೋರು ಒಸ ಅಂಚು ಕೇಳಿ ಒಂದ್ ವರ್ಷ ಆಯ್ತು. ಸಾಲು ಓದು, ಬೇಗ ಮುಗೀತೈತೆ."

ಆಮೇಲೆ ಅವಳು ಓದಿದಳು, ಮಾವ ಕುಟ್ಟಿದರು. ತುಂಬು, ಖಾಲಿ, ಖಾಲಿ, ತುಂಬು, ತುಂಬು. ಹೊರಗಿನಿಂದ ಯಾರಾದರೂ ಕೇಳಿದ್ದರೆ ಈ ಮನೆಯವರು ಸರಿರಾತ್ರಿಯಲ್ಲಿ ಮಾಟ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಲೆಕ್ಕಕ್ಕೆ ಅದು ಸುಳ್ಳೂ ಆಗುತ್ತಿರಲಿಲ್ಲ.

ಭಾನುವಾರ ಮೂರೂವರೆಗೆ ಮೇನಕಾ ಚಾಪೆಯ ಮೇಲೆ ಅಗ್ನಿಮುಖಿಯ ಪುಸ್ತಕ ಬಿಡಿಸಿ ಕೂತಳು. ಎಡಕ್ಕೆ ಒರಿಜಿನಲ್ ಹಾಳೆ. ಎದುರಿಗೆ ಬೋರಲು ಬಿದ್ದ ಲೋಟ. ಲೋಟದಾಚೆ ಜೀವಿತಾ, ಹೆಗಲ ಮೇಲೆ ಬ್ಯಾಗ್ ಇನ್ನೂ ಇತ್ತು. ಹೊರಡುವವಳು ಬ್ಯಾಗ್ ತೆಗೆದಿಡುವುದಿಲ್ಲ ಎಂದು ಮೇನಕಾ ಗಮನಿಸಿದಳು.

"ಅಕ್ಕಾ, ಎಕ್ಸಾಮ್ ಆಲ್ ತರ ಐತೆ. ಅಡಿಷನಲ್ ಶೀಟ್ ಬೇಕಾ?" ಎಂದು ಪ್ರಭಾಕರ್ ಕೆಣಕಿದ.

"ಲೇ, ಸುಮ್ಕಿರು. ಅವ್ರು ತಪ್ಪಿದ್ರೆ ನಾನು ಯಾರ್ದಾದ್ರೂ ಮನೆ ಅಡಿಪಾಯಕ್ಕೆ ಕಲ್ಲಾಗಿ ಓಗ್ಬೇಕಾಗ್ತೈತೆ" ಎಂದಳು ಜೀವಿತಾ.

ವಿಶ್ವನಾಥನ್ ಚಕ್ಕುಲಿಯಂಥ ಮುರುಕಿನ ಡಬ್ಬಿ ಪಕ್ಕಕ್ಕೆ ಇಟ್ಟುಕೊಂಡು, "ಶುರು ಮಾಡಿ ಮೇನಕಾಕ್ಕಾ. ಇಂಕ್ ಒಣಗೋ ಮೊದ್ಲು ಕಾಳಕಂಠನ್ನ ನೆನೆಸ್ಕೊಳ್ಳಿ" ಎಂದ.

ಒಂದು, ಎರಡು, ಮೂರು ಸಾಲು ಇಳಿಯಿತು. ಅವಳ ಕೈ ಬರೆಯುತ್ತಿತ್ತು, ತಲೆ ಬೇರೆಡೆ ಓಡುತ್ತಿತ್ತು. ಮಾವ ಹೇಳಿದ್ದು ನೇಯ್ಗೆಯ ಮಾತು. ಅಂಚಿಗೆ ನಾಲ್ಕು ಕಡೆಯೂ ಒಂದೇ ಥರ ಇದ್ದರೆ ಚೆಂದ, ನಿಜ. ಮಂತ್ರಕ್ಕೆ ಚೆಂದ ಯಾಕೆ ಬೇಕು? ಆ ಸರಿದ ಮನೆಯಲ್ಲೇ ಮಂತ್ರದ ಗುಟ್ಟು ಇದ್ದರೆ? ಅಥವಾ ವಿಶ್ವನಾಥನ್ ರಾತ್ರಿ ನಿದ್ದೆಗಣ್ಣಿನಲ್ಲಿ ಬರೆದಾಗ ಕೈ ಜಾರಿ ಹಾಗಾಗಿದ್ದರೆ? ತಿದ್ದಿ ಬರೆದರೆ, 'ಹಾಳೆಯಲ್ಲಿ ಇದ್ದದ್ದು ಹೀಗಲ್ಲ' ಎಂದು ಅವನು ಲೋಟವನ್ನು ಅಲ್ಲೇ ಬಿಡಬಹುದು. ಇದ್ದ ಹಾಗೆ ಬರೆದರೆ ಯಾರೂ ಅವಳನ್ನು ಬೈಯುವಂತಿಲ್ಲ. ಬೈಸಿಕೊಳ್ಳದಿರುವುದು ಅವಳಿಗೆ ಬಲು ಚೆನ್ನಾಗಿ ಬರುತ್ತಿದ್ದ ವಿದ್ಯೆ.

ಹನ್ನೆರಡು. ಹದಿಮೂರು. ಶಿಷ್ಯರು ಸುಟ್ಟುಹೋದದ್ದು ಯಾಕೆ? ಮೂವರಿಗೂ ನಕಲು ಮಾಡಲು ಬರುತ್ತಿರಲಿಲ್ಲವೇ? ಮೂವರಲ್ಲಿ ಒಬ್ಬನಾದರೂ ತನ್ನಂಥ ಪುಕ್ಕಲ ಇದ್ದಿರಬೇಕು, ಸ್ಕೇಲ್ ಇಟ್ಟು ಹನ್ನೊಂದು ಸಲ ತಾಳೆ ನೋಡಿದವನು. ಅವನೂ ಸುಟ್ಟುಹೋದನಲ್ಲವೇ? ತಪ್ಪಿಲ್ಲದೆ ಇಳಿಸಿಕೊಂಡಿದ್ದಕ್ಕೇ ಸುಟ್ಟುಹೋದ. ತನ್ನವರನ್ನೂ ನಂಬದ ಮುದುಕ ಏನು ಮಾಡುತ್ತಾನೆ ಎಂಬುದನ್ನು ರಾತ್ರಿ ತಾನೇ ಕೇಳಿದ್ದಳು.

ಹದಿನೇಳನೇ ಸಾಲಿಗೆ ಪೆನ್ನು ಬಂತು. ಮೇನಕಾ ಹಾಳೆ ನೋಡಲಿಲ್ಲ. ತಲೆಯೆತ್ತಿ ವಿಶ್ವನಾಥನ್‌ನ ಮುಖ ನೋಡಿದಳು. ಜನರ ಮುಖ ಓದುವುದರಲ್ಲಿ ಮಾತ್ರ ಅವಳಿಗೆ ಯಾವ ದಾಳವೂ ಬೇಕಿರಲಿಲ್ಲ. ಅಷ್ಟು ಹೊತ್ತು ಕರಕರ ಎನ್ನುತ್ತಿದ್ದ ಮುರುಕಿನ ಸದ್ದು ನಿಂತಿತ್ತು. ಅವನ ಕೆನ್ನೆ ಒಂದು ಕಡೆ ಉಬ್ಬಿಕೊಂಡೇ ಇತ್ತು. ಕಣ್ಣು ಪೆನ್ನಿನ ತುದಿಯಲ್ಲಿತ್ತು.

ಅವಳು ಹಾಳೆಯಲ್ಲಿ ತುಂಬಿದ್ದ ಮನೆಯನ್ನು ಖಾಲಿ ಬಿಟ್ಟು, ಪಕ್ಕದ್ದನ್ನು ತುಂಬಿದಳು.

"ಅಕ್ಕಾ, ತಪ್ಪಾಯ್ತು" ಎಂದ ಪ್ರಭಾಕರ್. ಜೀವಿತಾ ಬ್ಯಾಗಿನ ಪಟ್ಟಿ ಹಿಡಿದುಕೊಂಡಳು. ಮೇನಕಾ ನಿಲ್ಲಿಸಲಿಲ್ಲ. ಉಳಿದ ಏಳು ಸಾಲು ಬರೆದು, ಪೆನ್ನಿಗೆ ಮುಚ್ಚಳ ಹಾಕಿದಳು.

"ದಾಳ ಆಕ್ಲಾ?" ಎಂದಳು.

ವಿಶ್ವನಾಥನ್ ಮೊದಲು ಮುರುಕು ನುಂಗಿದ. "ದಾಳ ಬೇಡ" ಎಂದ. ಆಮೇಲೆ ಕತೆ ಹೇಳುವ ಅವನ ದಪ್ಪ ದನಿ ಬಂತು. "ಕಾಳಕಂಠನ ಸುರುಳಿ ಉರಿಯಲಿಲ್ಲ. ಅಗ್ನಿಮುಖಿಯ ಪುಟದ ಮೇಲೆ ನಾಲ್ಕು ಕೊಕ್ಕೆಗಳೂ ಒಂದನ್ನೊಂದು ಹಿಡಿದು ತಿರುಗತೊಡಗಿದವು. ಕಲ್ಲಿನ ಬೆರಳೊಂದು ಅಲುಗಿತು." ದನಿ ಇಳಿಸಿ, "ಲೋಟ ಎತ್ತಿ, ಜೀವಿತಾ" ಎಂದ.

ಜೀವಿತಾ ಬ್ಯಾಗ್ ಕೆಳಗಿಟ್ಟಳು. ಲೋಟ ಎತ್ತಿದಳು. ಸಿಪಾಯಿ ಗೊಂಬೆಯ ಟೋಪಿಯ ಮೇಲೆ ಒಂದು ಇರುವೆ ಇತ್ತು. "ನೋಡ್ರೀ, ಮೂರ್ ವಾರ ನಿಮ್ಮಿಂದ ಇರುವೆ ಅತ್ತಿಸ್ಕೊಂಡೆ" ಎಂದು ಅದನ್ನು ಊದಿ, ಮೇನಕಾಳ ಭುಜಕ್ಕೆ ತಲೆ ಆನಿಸಿದಳು. "ಕೋಳಿ ಸಾರು ಬೇಡಕ್ಕಾ. ಆ ಉಡ ಎಲ್ಲೈತೆ? ಅದ್ರ ಸಾರು ಮಾಡಾಣ."

ಆಟ ಮುಗಿದ ಮೇಲೆ ವಿಶ್ವನಾಥನ್ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದ. "ತಿರುಗ್ಸಿ ನೋಡಿದ್ರಾ?"

"ಊಂ. ತಿರುಗ್ಸಿ ನೋಡಿದ್ದು."

"ಯಾರಿಗೂ ಒಳೆಯಲ್ಲ ಅಂದ್ಕೊಂಡಿದ್ದೆ. ನೀವು ಪಕ್ಕಾ ಮಾಂತ್ರಿಕಳು."

ಯಾರು ತಿರುಗಿಸಿದ್ದು ಎಂದು ಅವನು ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡುವ ಅಭ್ಯಾಸ ಅವಳಿಗೆ ಇರಲಿಲ್ಲ.

ಆ ವಾರದಿಂದ ಮಾವ ದಿನಾ ಸಂಜೆ ಅವಳನ್ನು ಮಗ್ಗದ ಪಕ್ಕ ಕೂರಿಸಿಕೊಂಡು ಕ್ಲಾಸಿನಲ್ಲಿ ಏನು ಕಲಿಸಿದರು ಎಂದು ವಿಚಾರಿಸತೊಡಗಿದರು. ಅವಳೂ ನಿಜವನ್ನೇ ಹೇಳುತ್ತಿದ್ದಳು. ಈ ವಾರ ಒಂದು ಬಾಗಿಲು ಚಿತ್ರ, ಈ ವಾರ ಒಂದು ಗಾಳಿ ಚಿತ್ರ. ಮಾವ ಗ್ರಾಫ್ ಹಾಳೆ ತಿರುಗಿಸಿ, "ಮೇಷ್ಟ್ರಿಗೆ ತಲೆ ಐತೆ, ಬಣ್ಣ ಮಾತ್ರ ಗೊತ್ತಿಲ್ಲ" ಎನ್ನುತ್ತಿದ್ದರು. ನಾಲ್ಕು ಕೊಕ್ಕೆಯ ಅಂಚು ಕೆಂಪು ರೇಷ್ಮೆಯಲ್ಲಿ, ಎದುರುಬದುರಾಗಿ, ಬಿಳಿ ಪಂಚೆಯ ಎರಡು ಬದಿಗೂ ಬಂತು. ಸೊಸೈಟಿಯವರು ಒಪ್ಪಿದರು, ಇನ್ನಷ್ಟು ಕೇಳಿದರು.

ಸಂಕ್ರಾಂತಿ ಬರುವ ತೈ ತಿಂಗಳಲ್ಲಿ ಒಂದು ಭಾನುವಾರ ವಿಶ್ವನಾಥನ್ ಸೇಲಂನಲ್ಲೇ ಯಾರದೋ ಮದುವೆ ಊಟ ಮುಗಿಸಿ ನೇರ ಆಟಕ್ಕೆ ಬಂದ. ಪ್ಯಾಂಟು ಇರಲಿಲ್ಲ. ಬಿಳಿ ರೇಷ್ಮೆ ಪಂಚೆ. ಚಕ್ಕಂಬಕ್ಕಳ ಹಾಕಿ ಕೂತಾಗ ಅಂಚು ಅವನ ಮೊಣಕಾಲಿನ ಮೇಲೆ ಹಾದು ಚಾಪೆಯವರೆಗೂ ಹರಿಯಿತು. ನಾಲ್ಕು ಕೊಕ್ಕೆ, ಒಂದರ ಬಾಲ ಒಂದು ಹಿಡಿದು. ಮೇನಕಾಳ ಕಣ್ಣು ತಾನಾಗಿ ಹದಿನೇಳನೇ ಸಾಲಿಗೆ ಹೋಗಿ ನೋಡಿ ಬಂತು. ಸರಿಯಾಗಿತ್ತು.

"ಮಾಪ್ಳೆ, ಮದ್ವೆ ಗಂಡಿನ ತರ ಇದ್ದೀರಾ ಮಾಸ್ಟರ್" ಎಂದಳು ಜೀವಿತಾ. "ಅಂಚು ಒಸದು."

"ಸೊಸೈಟಿ ಅಂಗಡೀಲಿ ತಗೊಂಡೆ. ಬೇರೆ ಇಪ್ಪತ್ತು ತೋರ್ಸಿದ್ರು, ಇದೇ ಕೈಗೆ ಬಂತು." ಅವನು ಅಂಚನ್ನು ಬೆರಳಲ್ಲಿ ಹಿಡಿದು ಹುಬ್ಬು ಗಂಟಿಕ್ಕಿದ. "ಎಲ್ಲೋ ನೋಡಿದಂಗೈತೆ."

ಮೇನಕಾ ಬೋಂಡಾ ತಟ್ಟೆಯನ್ನು ಅವನತ್ತ ತಳ್ಳಿದಳು. ಅವನು ಅಂಚು ಬಿಟ್ಟು ಬೋಂಡಾ ಹಿಡಿದ.

ಆಟ ಅವತ್ತು ನಾಲ್ಕು ಗಂಟೆ ನಡೆಯಿತು. ಎದ್ದೇಳುವಾಗ ಪ್ರಭಾಕರನ ಕಾಲು ಜೋಮು ಹಿಡಿದು ಅವನು ಗೋಡೆಗೆ ಒರಗಿ ನಿಂತ. ಜೀವಿತಾ ತನ್ನ ಪಾದವನ್ನು ಎರಡೂ ಕೈಯಲ್ಲಿ ತಿಕ್ಕಿಕೊಂಡಳು. ವಿಶ್ವನಾಥನ್ ಮಾತ್ರ ಚಂಗನೆ ಎದ್ದು ನಿಂತು ತನ್ನ ಕಾಲುಗಳನ್ನೇ ನೋಡಿಕೊಂಡ.

"ಆಶ್ಚರ್ಯ. ನನಗೆ ಪ್ರತಿ ವಾರ ಕಾಲು ಮರಗಟ್ಟಿ ಕಲ್ಲಾಗೋಗ್ತಿತ್ತು. ಇವತ್ತು ಏನೂ ಆಗಿಲ್ಲ."

ಮೇನಕಾ ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟಿದಳು. ಮಾಸ್ಟರ್, ನೀವು ಉಟ್ಟಿರುವುದು ಬರೀ ಅಂಚಲ್ಲ, ಶಿಲಾಮೋಕ್ಷ. ಒಂದು ಸಲ ಹೇಳಿನೋಡಿದಳು, ಎರಡು ಸಲ ಹೇಳಿನೋಡಿದಳು. ಮಾವನ ಮುಖ ನೆನಪಾಯಿತು, 'ಪಕ್ಕಾ ಮಾಂತ್ರಿಕಳು' ಎಂದ ದನಿ ನೆನಪಾಯಿತು. ಇದನ್ನು ಗೋವಿಂದನ್‌ಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ, ಚಾಪೆ ಸುತ್ತಲು ಬಾಗಿದ ವಿಶ್ವನಾಥನ್‌ನ ಪಂಚೆಯ ಅಂಚು ಎಣ್ಣೆ ತಟ್ಟೆಗೆ ತಾಗದಂತೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.